ಕುರ್ಚಿಯ ಕಾಲು

ಆ ದೊಡ್ಡ ಮನೆತನದ ಬಟ್ಟೆ ಕಾರ್ಖಾನೆಯಲ್ಲೇ ತಲೆ ನರೆತ ಬಡಗಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ತಟ್ಟಿ ನೋಡದೆ ಮರವನ್ನೂ ಕೊಳ್ಳದ ಆಸಾಮಿ. ತಮ್ಮ ನಂತರ ಕಾರ್ಖಾನೆ ಯಾರಿಗೆಂದು ಬಾಯಿಬಿಡದ ಯಜಮಾನರು, ತಮ್ಮ ಕುರ್ಚಿಯ ಕಾಲುಗಳನ್ನು ಎರಡು ಬೆರಳಿನಷ್ಟು ಕೊಯ್ಯಲು ಹೇಳಿದ್ದೇ ತಡ, ಮನೆಮಂದಿಯೆಲ್ಲ ಬಡಗಿಯನ್ನು ಮುತ್ತಿಕೊಂಡರು. ಎಂದೂ ಮುಖವೆತ್ತಿ ನೋಡದ ಹಿರಿಮಗ, "ಚೆನ್ನಾಗಿದ್ದೀರಾ ಅಣ್ಣಾ?" ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ವಿಚಾರಿಸಿದ. ಬಡಗಿ ತನ್ನ ಗರಗಸ ಬಚ್ಚಿಟ್ಟ.

ಹಿರಿಮಗ ಆರಡಿಯ ಆಳು. ಕಿರಿಮಗಳು ಗಿಡ್ಡಿ. ಕುರ್ಚಿ ಯಾರಿಗೆಂದು ಬಡಗಿಗೆ ಖಾತ್ರಿಯಾಯಿತು. ಕಾಲು ಕೊಯ್ದು ಕುರ್ಚಿಯನ್ನು ಯಜಮಾನರ ಮುಂದೆ ಒಯ್ದಿಟ್ಟಾಗ ಕೇಳಿಯೇಬಿಟ್ಟ: "ಇದು ಕಿರಿಮಗಳಿಗೇ ತಾನೇ, ಯಜಮಾನ್ರೇ?"

ಯಜಮಾನರು ಕೂತು, ಎರಡೂ ಪಾದ ನೆಲಕ್ಕೂರಿದರು.

"ನಂಗೇ ಕಣಯ್ಯ. ವಯಸ್ಸಾಗಿ ಕುಗ್ಗಿದೀನಿ, ಕಾಲು ನೆಲ ಮುಟ್ತಿರ್ಲಿಲ್ಲ. ಇನ್ನು ಯಾರು ಎಬ್ಬಿಸ್ತಾರೋ ನೋಡೇಬಿಡ್ತೀನಿ."