ಮೊದಲು ಅಕ್ಕಾರ ಕಂಪ್ಯೂಟರ್

ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿರುವ ನಮ್ಮ ಸೊಸೈಟಿಯ ಕಚೇರಿಗಳ ಕಂಪ್ಯೂಟರುಗಳನ್ನೆಲ್ಲ ಟೆಕ್ನಿಷಿಯನ್ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಮಸ್ಕಿಯಲ್ಲಿ ಬಸ್ಸಿಳಿದು ನೇರ ನನ್ನ ಮೇಜಿಗೆ ಬರುವರು. “ಮೊದಲು ಅಕ್ಕಾರದು” ಎನ್ನುವರು. ಹಿರಿಯಳೆಂಬ ಗೌರವವಿರಬೇಕೆಂದು ನಾನು ಬೀಗುತ್ತಿದ್ದೆ.

ಒಮ್ಮೆ ಅವರು ಹೊಸದನ್ನು ಹಾಕಿ ಮುಗಿಸುತ್ತಿದ್ದಂತೆ ಗೊಬ್ಬರದ ರಸೀದಿಯಲ್ಲಿ ಕನ್ನಡ ಅಕ್ಷರಗಳ ಬದಲು ಬರೀ ಚೌಕಗಳು ಬಂದವು. ಭತ್ತದ ನಾಟಿಯ ಕಾಲ. ರೈತರ ಸಾಲು ಬಾಗಿಲು ದಾಟಿತ್ತು. ಎಲ್ಲರೆದುರೇ ಅವರನ್ನು ತರಾಟೆಗೆ ತೆಗೆದುಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಒರೆಸುತ್ತ, ನಾನು ಉಸಿರೆಳೆದುಕೊಂಡಾಗಲೆಲ್ಲ, “ಇನ್ನೇನೈತ್ರಿ ಅಕ್ಕಾರ?” ಎಂದು ಕೇಳುತ್ತಿದ್ದರು. ಎಲ್ಲ ಕೇಳಿಸಿಕೊಂಡ ಮೇಲೆ ಹಳೆಯ ಆವೃತ್ತಿಯನ್ನೇ ಮರಳಿ ತಂದರು. ರಸೀದಿಯಲ್ಲಿ ಅಕ್ಷರ ಮೂಡಿತು, ಸಾಲು ಸರಿಯಿತು. ಆಮೇಲೆ ಸಿಂಧನೂರಿಗೆ ಫೋನ್ ಮಾಡಿದರು: “ಉಳಿದ ಮಷೀನಿಗೆ ಈಗ ಹಾಕಂಗಿಲ್ರಿ. ಅಕ್ಕಾರು ಬೈದಾರ.”

ನಾನು ದುರುಗುಟ್ಟಿದೆ. ಅವರು ನಕ್ಕರು. “ನಿಮ್ಮದನ್ನ ಯಾಕ ಮೊದಲು ಮಾಡ್ತೀನಿ ಗೊತ್ತೇನ್ರಿ? ಉಳಿದೋರು ಏನು ಕೆಟ್ಟರೂ ಸುಮ್ನ ಸಹಿಸ್ಕೋತಾರ. ನೀವು ಒಂದೂ ಬಿಡಂಗಿಲ್ಲ.”

ಅವರು ನಿವೃತ್ತರಾಗಿದ್ದಾರೆ. ಮೊನ್ನೆ ಅವರ ಜಾಗಕ್ಕೆ ಬಂದ ಹೊಸಬರು ನನ್ನ ಕಂಪ್ಯೂಟರನ್ನು ಎಲ್ಲಕ್ಕಿಂತ ಕೊನೆಗೆ ಮಾಡಿದರು. ಏನೂ ಕೆಡಲಿಲ್ಲ. ಆದರೂ ಕರೆದು ಬೈದೆ.