ಅವ್ವನ ಕಟ್ಟೆ, ಅವ್ವನ ಹಲಸು

ಜೂನ್ 9, ಸೋಮವಾರ, ಬೆಳಿಗ್ಗೆ ಆರೂವರೆ. ಗಾಳಿ ಇರಲಿಲ್ಲ, ಮಳೆಯೂ ಇರಲಿಲ್ಲ. ಖಾಸಬಾಗದ ನಮ್ಮ ಮನೆಯ ಹಿತ್ತಲಲ್ಲಿ ಹಲಸಿನ ಮರದ ಒಂದು ಕೊಂಬೆ ತಾನಾಗಿಯೇ ಮುರಿದು ಪಕ್ಕದ ಮನೆಯ ತಗಡಿನ ಮಾಡಿನ ಮೇಲೆ ಬಿತ್ತು.

ಸದ್ದಿಗೆ ನಾನೂ ಅಪ್ಪನೂ ಹೊರಗೆ ಓಡಿದೆವು. ಗೋಡೆಯಾಚೆ ಆ ಮನೆಯ ಕಾಕು ನಿಂತಿದ್ದರು. ಅವರು ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ ಮಾತಾಡುವವರು. ಅವ್ವ ಇದ್ದಾಗ ಇದೇ ಗೋಡೆಯ ಮೇಲಿಂದ ಪಲ್ಯದ ಬಟ್ಟಲು ದಾಟಿಸುತ್ತಿದ್ದವರು.

"ನಿಮ್ಮ ಗಿಡ ನಮ್ಮ ಪತ್ರಾದ ಮ್ಯಾಲ ಬಂದು ಕುಂತೈತಿ. ಚಾ ಮಾಡ್ಲೇನು ಅದಕ್ಕ?" ಎಂದರು.

ಅಪ್ಪ ನಗಲಿಲ್ಲ. ಕಾಕುವಿನ ನಗೆಯೂ ಬೇಗ ಆರಿತು. "ಖರೇ ಹೇಳ್ತೀನ್ರಿ, ಆ ಖೋಲ್ಯಾಗ ಮೊಮ್ಮಕ್ಕಳು ಮಲಗ್ತಾವು. ಮಳಿಗಾಲ ಬಂತು. ಏನರ ಮಾಡ್ರಿ."

ಆ ಮರ ಅವ್ವನದು. ಮದುವೆಯಾದ ವರ್ಷ ಖಾನಾಪುರದ ತವರಿನಿಂದ ತಂದ ಹಣ್ಣಿನ ಬೀಜವನ್ನು ಅವಳೇ ಊರಿದ್ದಳು. ನನಗಿಂತ ಅದು ಎರಡು ವರ್ಷ ದೊಡ್ಡದು. ಕಾಯಿ ಎಣಿಸಿ ಬರೆದಿಡುವುದು ಸಾಲೆಯ ದಿನಗಳಿಂದ ನನಗೆ ಅಂಟಿಕೊಂಡ ಚಟ. ಮೂರು ವರ್ಷದ ಹಿಂದೆ ನಲವತ್ತೊಂದು, ಹೋದ ವರ್ಷ ಹದಿನೆಂಟು, ಈ ವರ್ಷ ಏಳು. ಆ ಏಳೂ ಮುಷ್ಟಿಗಾತ್ರದಲ್ಲೇ ಕಪ್ಪಾಗಿ ಉದುರಿದ್ದವು. ಬಿಸಿಲು ಜಾಸ್ತಿಯಾಗಿರಬೇಕು ಎಂದುಕೊಂಡೆವು.

ಮರದ ಸುತ್ತ ಇದ್ದ ಕಟ್ಟೆಯೂ ಅವ್ವನದೇ. ಎರಡೂವರೆ ವರ್ಷದ ಹಿಂದೆ, ಕಾಯಿಲೆ ಹೆಚ್ಚಾದ ಚಳಿಗಾಲದಲ್ಲಿ ಅವಳು ನೆಲದ ಮೇಲೆ ಕೂತರೆ ಏಳಲು ಆಗುತ್ತಿರಲಿಲ್ಲ. ಆದರೂ ಸಂಜೆ ಮರದ ಕೆಳಗೇ ಕೂರಬೇಕೆನ್ನುವಳು. ಅಪ್ಪ ಸುತ್ತ ಮೊಣಕಾಲೆತ್ತರ ಇಟ್ಟಿಗೆ ಕಟ್ಟಿಸಿ, ಒಳಗೆ ಕಾಂಡಕ್ಕೆ ತಾಗುವಂತೆ ಮಣ್ಣು ತುಂಬಿಸಿ, ಮೇಲೆ ಶಹಾಬಾದಿ ಫರ್ಶಿಕಲ್ಲು ಹಾಸಿಸಿದರು. ನಮ್ಮ ಕಡೆ ಮರಕ್ಕೆ ಕಟ್ಟೆ ಕಟ್ಟುವುದೆಂದರೆ ಅದನ್ನು ಮನೆಯ ಹಿರಿಯರ ಸಾಲಿಗೆ ಸೇರಿಸಿದ ಹಾಗೆ. ಅವ್ವ ಅದರ ಮೇಲೆ ಕೂತದ್ದು ಹನ್ನೊಂದು ಸಂಜೆ. ಅವಳು ಹೋದ ಮೇಲೆ ಅಪ್ಪ ದಿನವೂ ಸ್ನಾನ ಮುಗಿಸಿ, ಕಾಂಡದ ಸುತ್ತ ಫರ್ಶಿ ಇಲ್ಲದ ಕಡೆ ಎರಡು ಕೊಡ ನೀರು ಹಾಕುತ್ತಿದ್ದರು. ಮಳೆಗಾಲದಲ್ಲೂ ತಪ್ಪಿಸಲಿಲ್ಲ.

ಬುಧವಾರ ಖಾನಾಪುರದಿಂದ ಮಾಮಾ ಬಂದ. ಅವ್ವನ ತಮ್ಮ, ಅವನ ಮನೆ ಸುತ್ತಲೂ ಹಲಸೇ; ಅವನ ಬಾಯಲ್ಲಿ ಅದು ಫಣಸ. ಚಹಾ ಕುಡಿಯುವ ಮೊದಲೇ ಹಿತ್ತಲಿಗೆ ಹೋಗಿ, ಒಂದು ಕಡ್ಡಿಯಿಂದ ಕಾಂಡದ ಪಕ್ಕದ ಮಣ್ಣು ಕೆದರಿದ. ಕಡ್ಡಿ ಸಲೀಸಾಗಿ ಒಳಗಿಳಿಯಿತು.

"ಭಾವಾರ, ಇದನ್ನ ಕುತ್ತಿಗಿತನಾ ಹುಗದೀರಲ್ರಿ."

"ಕಟ್ಟಿ ಕಟ್ಟಿಸೀನಿ. ಹುಗದಿಲ್ಲ," ಎಂದರು ಅಪ್ಪ.

"ಫಣಸದ ಬುಡಕ್ಕ ಗಾಳಿ ಬೇಕ್ರಿ. ಹಸಿ ಮಣ್ಣ ತಾಗಿದ್ರ ಸಿಪ್ಪಿ ಕೊಳೀತೈತಿ. ಮದಲ ಈ ಕಟ್ಟಿ ತಗೀರಿ. ಆಮ್ಯಾಲ ಟೊಂಗಿ ಕಡದು ತಲಿ ಭಾರ ಅರ್ಧಾ ಇಳಸೂಣು. ಉಳದ್ರ ಉಳೀತು."

"ಕಟ್ಟಿ ಮುಟ್ಟೂದು ಬ್ಯಾಡ. ಬೇಕಾರ ಗಿಡಾನ ಕಡೀರಿ."

ಮಾಮಾ ನಕ್ಕೇಬಿಟ್ಟ. "ಗಿಡ ಹ್ವಾದಮ್ಯಾಲ ಬರೇ ಕಟ್ಟಿ ಇಟ್ಕೊಂಡು ಏನ್ಮಾಡ್ತೀರಿ? ಬಸ್ ಸ್ಟಾಪ್ ಮಾಡ್ತೀರೇನು?"

"ನಿಮ್ಮಕ್ಕ ಕುಂತಿದ್ದು ಕಟ್ಟಿ ಮ್ಯಾಲ."

"ನಟ್ಟಿದ್ದು ಗಿಡ," ಎಂದ ಮಾಮಾ.

ನಾನು ಚಹಾದ ಕಪ್ಪು ಹಿಡಿದು ನಡುವೆ ನಿಂತಿದ್ದೆ. ಅವ್ವನದೆಂದು ಉಳಿದದ್ದು ಎರಡು, ಅದರಲ್ಲಿ ಒಂದನ್ನು ಒಡೆದರೆ ಇನ್ನೊಂದು ಉಳಿದೀತು ಎಂಬುದಷ್ಟೇ ನನಗೆ ಅರ್ಥವಾಗಿತ್ತು. ಮಾಮಾ ಊರಿಗೆ ಹೋಗದೆ ಉಳಿದುಕೊಂಡ.

ಶನಿವಾರ ಬೆಳಿಗ್ಗೆ ಅಪ್ಪ ತಾವೇ ಹಾರೆ ತೆಗೆದುಕೊಂಡು ಹಿತ್ತಲಿಗೆ ಹೋದರು. ಯಾರನ್ನೂ ಹತ್ತಿರ ಬಿಡಲಿಲ್ಲ. ಫರ್ಶಿಗಳನ್ನು ಒಂದೊಂದಾಗಿ ಎಬ್ಬಿಸಿ, ತೊಳೆದು, ಗೋಡೆಗೆ ಒರಗಿಸಿದರು. ಅವ್ವ ಕೂರುತ್ತಿದ್ದ ಬದಿಯದು ಕೊನೆಗೆ. ಇಟ್ಟಿಗೆ ಕೆಡವಿದ ಮೇಲೆ ಕಾಂಡದ ಸುತ್ತಲಿನ ಮಣ್ಣನ್ನು ಕೈಯಿಂದಲೇ ಬಗೆದು ತೆಗೆದರು. ಕೆಳಗಿನ ತೊಗಟೆ ಕರ್ರಗೆ, ನೀರಲ್ಲಿ ನೆನೆದ ರೊಟ್ಟಿಯ ಹಾಗೆ ಇತ್ತು. ಅಪ್ಪ ಒತ್ತಿದ ಕಡೆಯೆಲ್ಲ ಬೆರಳು ಒಳಗೆ ಹೋಯಿತು.

ಮಾಮಾ ಚಾಕುವಿನಿಂದ ಸುತ್ತಲೂ ಕೆರೆದು ನೋಡಿದ. ಹಾಲು ಒಸರಿದ್ದು ಒಂದೇ ಕಡೆ, ಅಂಗೈಯಷ್ಟು ಅಗಲ. "ಇಷ್ಟರ ಮ್ಯಾಲ ಜೀವ ಹಿಡದೈತಿ ಇದು," ಎಂದ. ಬುಧವಾರದ ಗೇಲಿ ದನಿಯಲ್ಲಿರಲಿಲ್ಲ.

ಅಪ್ಪ ಮಣ್ಣಿನ ಕೈಯನ್ನು ಒರೆಸಿಕೊಳ್ಳದೆ ಕೇಳಿದರು: "ನಾ ದಿನಾ ನೀರ ಹಾಕಿದ್ನಲ್ಲ, ಅದರಿಂದೇನು?"

ಮಾಮಾ ಚಾಕು ಮಡಚಿದ. "ಮಳಿ ನೀರೂ ಇತ್ತಲ್ರಿ, ಭಾವಾರ," ಎಂದು ಒಳಗೆ ಹೋದ. ಅದು ಉತ್ತರವಲ್ಲ ಎಂಬುದು ಅಪ್ಪನಿಗೂ ಗೊತ್ತಾಯಿತು. ಅವತ್ತು ಅವರು ಊಟಕ್ಕೆ ಬರಲಿಲ್ಲ.

ಇವತ್ತು ಜೂನ್ 22, ಭಾನುವಾರ. ಮಾಮಾ ಊರಿಗೆ ಹೋಗಿದ್ದಾನೆ. ಕಾಕು ಮೊಮ್ಮಕ್ಕಳನ್ನು ಒಳಗಿನ ಖೋಲಿಗೆ ಕರೆದುಕೊಂಡಿದ್ದಾರೆ. ಅಲ್ಲಿ ಐದು ಜನ ಮಲಗಲು ಜಾಗವಿಲ್ಲ. ಆದರೂ ನಮಗೆ ಒಂದು ಮಾತು ಅಂದಿಲ್ಲ. ಬಯ್ದಿದ್ದರೆ ಉತ್ತರ ಕೊಡಬಹುದಿತ್ತು. ಮೊದಲ ವಾರ ದಿನಕ್ಕೆ ಎರಡು ಬುಟ್ಟಿ ಎಲೆ ಗುಡಿಸುತ್ತಿದ್ದೆ, ಈಗ ನಾಲ್ಕು. ಹಸಿರೆಲೆಗಳೂ ಬೀಳುತ್ತಿವೆ.

ಕೊಂಬೆ ಇಳಿಸಿದರೆ ಅಷ್ಟು ಗಾಯ ಮಾಯಿಸುವ ಶಕ್ತಿ ಮರಕ್ಕೆ ಉಳಿದಿಲ್ಲ ಎನ್ನುತ್ತಾನೆ, ಬುಡ ನೋಡಿದ ಮೇಲೆ ಮಾಮಾ. ಇಳಿಸದಿದ್ದರೆ ಜುಲೈ ಗಾಳಿಗೆ ಬುಡವೇ ಮುರಿದು ಆ ತಗಡಿನ ಮೇಲೆ ಮಲಗುತ್ತದೆ. ಕಟ್ಟೆಯಂತೂ ಹೋಯಿತು. ಕಡಿಸಲು ಅರಣ್ಯ ಇಲಾಖೆಯ ಪರವಾನಗಿ ಕೇಳೋಣವೇ ಎಂದು ಎರಡು ಸಲ ಕೇಳಿದೆ. ಇವತ್ತು ಬೆಳಿಗ್ಗೆ ಅಪ್ಪ, "ನೀನ ಹೇಳವ್ವಾ, ನನ್ನ ಬಾಯಾಗಿಂದ ಬರಂಗಿಲ್ಲ," ಎಂದರು.

ನನ್ನ ಬಾಯಿಂದಲೂ ಬರುತ್ತಿಲ್ಲ. ಬುಡದ ತೊಗಟೆ ಸುತ್ತಲೂ ಕೊಳೆತು ಅಂಗೈ ಅಗಲ ಮಾತ್ರ ಉಳಿದ ಹಲಸು ಮತ್ತೆ ಚಿಗುರಿದ್ದನ್ನು ಓದುಗರಲ್ಲಿ ಯಾರಾದರೂ ಕಣ್ಣಾರೆ ಕಂಡಿದ್ದರೆ, ಆಗ ಎಷ್ಟು ಕೊಂಬೆ ಇಳಿಸಿದ್ದರು, ಬುಡಕ್ಕೆ ಏನು ಮಾಡಿದ್ದರು ಎಂಬುದನ್ನು ದಯವಿಟ್ಟು ಬರೆದು ತಿಳಿಸಿ. ಬದುಕುವುದಿಲ್ಲ ಎಂದು ಗೊತ್ತಿದ್ದವರೂ ಬರೆಯಿರಿ. ಮಳೆ ಬಲಿಯುವ ಮೊದಲು ತಲುಪಿದರೆ ಸಾಕು.