ಬೆನ್ನ ಹಿಂದೆ ನಿಂತು ಕೇಳಬೇಕಿದ್ದ ಪ್ರಶ್ನೆ

ಕಿವಿ ತಪಾಸಣೆಯ ವ್ಯಾನ್ ಬನಹಟ್ಟಿಗೆ ಬಂದ ದಿನ ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಹೊಣೆ ಯಾರದು ಎಂದು ಕೇಳಲು ಹೊರಟವಳು ಇದನ್ನು ಮೊದಲೇ ಒಪ್ಪಿಕೊಳ್ಳಬೇಕು.

ಮೂವತ್ತು ವರ್ಷ ಪವರ್‌ಲೂಮ್‌ಗಳ ನಡುವೆ ನಿಂತು ನೇಯ್ದ ಅಪ್ಪನ ಕಿವಿ ಮಂದವಾಗಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಷ್ಟು ಮಂದ ಎಂಬುದನ್ನು ಯಾರೂ ಕೇಳಿರಲಿಲ್ಲ, ಧಾರವಾಡದಲ್ಲಿ ಎರಡು ಪದವಿ ಪಡೆದು ಬಂದ ನಾನೂ ಕೇಳಿರಲಿಲ್ಲ. ವ್ಯಾನಿನವರೊಬ್ಬರು ಅಪ್ಪನ ಎದುರು ಕುರ್ಚಿ ಹಾಕಿಕೊಂಡು ಕುಳಿತು, ಹೆಸರೇನು, ಮಕ್ಕಳೆಷ್ಟು, ಬೆಳಗ್ಗೆ ಏನು ತಿಂದಿರಿ ಎಂದು ಮೆಲ್ಲಗೆ ವಿಚಾರಿಸಿದರು. ಅಪ್ಪ ಒಂದಕ್ಕೂ ತಡವರಿಸಲಿಲ್ಲ. ಅವರು ‘ಶ್ರವಣ ಸಾಮಾನ್ಯ’ ಎಂದು ಬರೆದು ಮೊಹರು ಒತ್ತಿದರು. ಹೆಡ್‌ಫೋನ್ ಹಾಕಿ ಮಾಡುವ ನಿಜವಾದ ಪರೀಕ್ಷೆ ವ್ಯಾನಿನ ಒಳಗಿತ್ತು, ಶ್ರವಣಯಂತ್ರವೂ ಒಳಗೆ ಹೋಗಿ ಬಂದವರಿಗೇ ಸಿಗುತ್ತಿತ್ತು. ಅಪ್ಪನನ್ನು ಒಳಗೆ ಕರೆಯಲಿಲ್ಲ.

ಮಗ್ಗಗಳು ಓಡುವಾಗ ಶೆಡ್ಡಿನೊಳಗೆ ಯಾರ ದನಿಯೂ ಯಾರಿಗೂ ಮುಟ್ಟುವುದಿಲ್ಲ. ಎಳೆ ಹರಿದದ್ದು, ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದದ್ದು, ಊಟಕ್ಕೆ ಹೊತ್ತಾದದ್ದು, ಎಲ್ಲವನ್ನೂ ನೇಕಾರರು ಒಬ್ಬರ ತುಟಿ ಒಬ್ಬರು ನೋಡಿಯೇ ತಿಳಿಯುತ್ತಾರೆ. ಅಪ್ಪ ಆ ಮನುಷ್ಯನ ತುಟಿಗಳನ್ನು ಓದಿದ್ದ. ಮೋಸ ಮಾಡುವ ಉದ್ದೇಶ ಅವನಿಗಿರಲಿಲ್ಲ, ಅವನ ಪಾಲಿಗೆ ಕೇಳುವುದೆಂದರೆ ಅದೇ ಆಗಿತ್ತು. ನೇಕಾರರ ಊರಿಗೆ ಬಂದು ನೇಕಾರರ ಕಿವಿ ಪರೀಕ್ಷಿಸುವವರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು.

ವ್ಯಾನ್ ಮುಂದೆ ಜಮಖಂಡಿಗೆ ಹೋಗಿದೆ ಎಂದು ತಿಳಿದು, ಮತ್ತೆ ಪರೀಕ್ಷೆ ಮಾಡಿಸಲೆಂದು ಅಪ್ಪನನ್ನು ಅವನದೇ ಹಳೆಯ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ನಾನು ಮಾತಾಡಿದೆ. ನನ್ನ ವಿದ್ಯಾರ್ಥಿನಿಲಯದ ಕತೆ, ಬಿಟ್ಟು ಬಂದ ಕೆಲಸ, ಮದುವೆಯ ವಿಷಯದಲ್ಲಿ ಅವ್ವನೊಡನೆ ಆದ ಮನಸ್ತಾಪ, ಮುಖಾಮುಖಿಯಾಗಿ ಹೇಳಲು ಧೈರ್ಯ ಬಾರದ್ದನ್ನೆಲ್ಲ ಹೇಳಿದೆ. ಅಪ್ಪ ಸುಮ್ಮನಿದ್ದ. ಸಿಟ್ಟು ಬಂದಿರಬೇಕೆಂದುಕೊಂಡೆ. ಜಮಖಂಡಿಯಲ್ಲಿ ಗಾಡಿ ನಿಲ್ಲಿಸಿ, ಏನಾದರೂ ಅನ್ನಬಾರದೇ ಎಂದು ಕೇಳಿದಾಗ ಅವನು ನನ್ನ ಮುಖ ನೋಡಿದ.

“ನೀ ಮಾತಾಡಾಕತ್ತಿದ್ದೇನು?”

ಹಿಂದೆ ಕೂತವನಿಗೆ ನನ್ನ ತುಟಿ ಕಾಣದು ಎಂಬುದು, ಎಲ್ಲ ಗೊತ್ತಿದ್ದ ನನಗೂ ಹೊಳೆದಿರಲಿಲ್ಲ. ವ್ಯಾನ್ ಹಿಂದಿನ ದಿನವೇ ಮುಧೋಳಕ್ಕೆ ಹೋಗಿತ್ತು. ಚಹಾ ಕುಡಿಯಲು ಕುಳಿತೆವು. ಎರಡು ಚಹಾ ಎಂದು ಅಪ್ಪ ಶೆಡ್ಡಿನಲ್ಲಿ ಕೂಗಿದ ಹಾಗೆ ಕೂಗಿದ. “ಕಾಕಾ, ಚಾ ಕುಡಿಯಾಕ ಬಂದೀರೋ ಜಗಳಾ ತಗಿಯಾಕ ಬಂದೀರಿ?” ಎಂದ ಅಂಗಡಿಯವನು. ಅವನ ತುಟಿ ನೋಡಿದ್ದ ಅಪ್ಪ ಎಲ್ಲರಿಗಿಂತ ಮೊದಲು ನಕ್ಕ. ಆಮೇಲೆ ರಸ್ತೆಯಾಚೆಯ ಬಟ್ಟೆ ಅಂಗಡಿಯನ್ನು ತೋರಿಸಿ, ಅಲ್ಲಿಯ ಮಾಲೀಕ ಕಲೆಯಾದ ಸೀರೆಯನ್ನು ಗಂಟಿನ ನಡುವೆ ಸೇರಿಸಲು ಹೇಳುತ್ತಿದ್ದಾನೆ ಎಂದ. ಗಾಜಿನ ಬಾಗಿಲು ಮುಚ್ಚಿತ್ತು. ಅಷ್ಟು ದೂರದಿಂದ ಓದಬಲ್ಲೆನೆಂಬ ಹೆಮ್ಮೆ ಅವನ ಮುಖದಲ್ಲಿತ್ತು. ಆ ಜಾಣ್ಮೆಯೇ ಅವನ ತಪಾಸಣೆಯ ಕಾಗದವನ್ನು ಕೆಡಿಸಿತ್ತು.

ಕಬ್ಬಿನ ಹಂಗಾಮು. ಮುಧೋಳದ ರಸ್ತೆಯ ತುಂಬ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು. ಊರು ಇನ್ನೂ ದೂರವಿರುವಾಗ ಮೂತ್ರಕ್ಕೆಂದು ಇಳಿದ ಅಪ್ಪ ತಿರುಗಿ ಬರುವಾಗ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದ. ಹಿಂದಿನಿಂದ ಒಂದು ಟ್ರ್ಯಾಕ್ಟರ್ ಹಾರ್ನ್ ಒತ್ತುತ್ತಲೇ ಬಂತು. ನಾನು ಕೂಗಿದೆ, ಕೈ ಬೀಸಿದೆ. ಅಪ್ಪನ ಕಣ್ಣು ನೆಲದ ಮೇಲಿತ್ತು. ಚಾಲಕ ಕೊನೆಯ ಗಳಿಗೆಯಲ್ಲಿ ಹೊರಳಿಸಿದ, ಹೊರಚಾಚಿದ್ದ ಕಬ್ಬು ಅಪ್ಪನ ತೋಳನ್ನು ತರಚಿಕೊಂಡು ಹೋಯಿತು.

“ಕಿವಿಯಾಗ ಹತ್ತಿ ತುರಕೊಂಡಿ ಏನೋ ಮುದುಕಾ?” ಎಂದು ಬೈದ ಚಾಲಕ ನಿಲ್ಲಿಸದೆ ಹೋದ. ಯಾವ ಯಂತ್ರವೂ ಇಲ್ಲದೆ ಅವನಿಗೆ ಒಂದು ಕ್ಷಣದಲ್ಲಿ ತಿಳಿದದ್ದರ ವಿರುದ್ಧ ಸಾಕ್ಷಿಯಾಗಿ ಮೊಹರಿನ ಕಾಗದ ನನ್ನ ಚೀಲದಲ್ಲಿತ್ತು. ಅಪ್ಪ ತೋಳು ಒರೆಸಿಕೊಂಡು, ಏನೂ ಆಗಿಲ್ಲ ನಡೆ ಎಂದ. ಅಲ್ಲಿಂದ ಮುಂದೆ ನಾನು ಬೈಕನ್ನು ರಸ್ತೆಯ ಅಂಚು ಬಿಡದೆ ನಿಧಾನವಾಗಿ ಓಡಿಸಿದೆ.

ಮುಧೋಳದಲ್ಲೂ ವ್ಯಾನ್ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಬೀಳಗಿಯಲ್ಲಿ, ಮಧ್ಯಾಹ್ನ ಇಳಿದ ಮೇಲೆ. ವ್ಯಾನಿನ ವೈದ್ಯರು ದಣಿದಿದ್ದರು, ಕೆಟ್ಟವರೇನಲ್ಲ. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, “ನಿಮ್ಮ ತಂದಿಯವ್ರು ಎಲ್ಲಾದಕ್ಕೂ ಬರೋಬ್ಬರಿ ಉತ್ತರಾ ಕೊಟ್ಟಾರ್ರಿ. ನಮ್ಮವ್ರು ಮತ್ತೇನ್ ಬರೀಬೇಕಿತ್ತು?” ಎಂದರು.

“ಬೆನ್ನ ಹಿಂದ ನಿಂತು ಕೇಳ್ಬೇಕಿತ್ರಿ,” ಎಂದೆ.

ಮೊದಲ ವರದಿಯನ್ನು ರದ್ದು ಮಾಡಲು ಕಾರಣ ಬೇಕು ಎಂದು ಅವರು ಒಂದು ಹಾಳೆಯ ಮೇಲೆ ಬರೆದು ಕೊಟ್ಟರು: ‘ಹಿಂದಿನ ತಪಾಸಣೆಯಲ್ಲಿ ನಾನು ತುಟಿಗಳನ್ನು ನೋಡಿ ಉತ್ತರಿಸಿ ತಪಾಸಕರನ್ನು ದಾರಿ ತಪ್ಪಿಸಿರುತ್ತೇನೆ.’ ಅದರ ಕೆಳಗೆ ಅಪ್ಪನ ಸಹಿ ಬೇಕಿತ್ತು. ಎದುರಿಗೆ ಕೂತು ಪರೀಕ್ಷಿಸಿದ್ದು ನಮ್ಮ ತಪ್ಪು ಎಂದು ನೀವೇ ಬರೆಯಿರಿ ಎಂದು ನಾನು ಪಟ್ಟು ಹಿಡಿದೆ. ಹಾಗೆ ಬರೆಯಲು ತಮಗೆ ಅಧಿಕಾರವಿಲ್ಲ ಎಂದರು. ತಪ್ಪು ಮಾಡಲು ಅಧಿಕಾರವಿದ್ದವರಿಗೆ ಅದನ್ನು ಒಪ್ಪಲು ಅಧಿಕಾರವಿಲ್ಲವೇ ಎಂದು ಕೇಳಿದೆ. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಅಪ್ಪ ನಮ್ಮಿಬ್ಬರ ತುಟಿಗಳನ್ನು ಬದಲಿಸಿ ಬದಲಿಸಿ ನೋಡುತ್ತಿದ್ದ. ಕೊನೆಗೆ ನನ್ನ ಕೈಯಿಂದ ಹಾಳೆ ತೆಗೆದುಕೊಂಡ.

“ಕೊಡ ಬೇ ಇಲ್ಲೆ. ಟ್ರ್ಯಾಕ್ಟರ್ ಹೋದಾಗ ನಿನಗಷ್ಟ ಅಂಜಿಕಿ ಬಂತಂತ ತಿಳದಿ ಏನು?”

ನನ್ನ ಅಪ್ಪ, ಯಾರಿಗೂ ಒಂದು ಎಳೆ ಕಡಿಮೆ ನೇಯ್ದು ಕೊಡದವನು, ತಾನು ಮೋಸ ಮಾಡಿದ್ದೇನೆ ಎಂಬ ಮಾತಿನ ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದ.

ವೈದ್ಯರು ಅವನನ್ನು ವ್ಯಾನಿನ ಒಳಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ನಾನು ಬಾಗಿಲಲ್ಲಿದ್ದೆ. ಅವರು ಹಿಂದೆ ನಿಂತು ಅವನ ಹೆಸರು ಕರೆದರು. ಊರು ಯಾವುದೆಂದರು. ದನಿ ಏರಿಸಿ, ಮಗಳು ಬಂದಿದ್ದಾಳೆಯೇ ಎಂದು ಕೇಳಿದರು. ಅಪ್ಪ ಶಾಲೆಯ ಹುಡುಗನಂತೆ ಕೈ ಕಟ್ಟಿಕೊಂಡು, ಕತ್ತು ತುಸು ಬಾಗಿಸಿ, ಶ್ರದ್ಧೆಯಿಂದ ಗೋಡೆಯನ್ನು ನೋಡುತ್ತಿದ್ದ. ವೈದ್ಯರು ಪೆನ್ನು ಮುಚ್ಚಿ, ಅವನ ಭುಜ ಮುಟ್ಟಿದರು. ಅಪ್ಪ ತಿರುಗಿದ.

“ಇನ್ನಾ ಚಾಲೂ ಮಾಡಿಲ್ಲೇನ್ರಿ ಸಾಹೇಬ್ರ?”

ಆಮೇಲೆ ಹೆಡ್‌ಫೋನ್ ಹಾಕಿದರು, ಹೊಸ ಕಾಗದವೂ ಸಿಕ್ಕಿತು. ಯಂತ್ರ ಬರುತ್ತದೆ ಎಂದಿದ್ದಾರೆ, ಇನ್ನೂ ಬಂದಿಲ್ಲ. ಅಪ್ಪನ ಸಹಿಯುಳ್ಳ ಹೇಳಿಕೆ ಅವರ ಕಡತದಲ್ಲಿದೆ. ಎದುರಿಗೆ ಕೂತು ಪ್ರಶ್ನೆ ಕೇಳಿದವರ ಹೇಳಿಕೆ ಯಾವ ಕಡತದಲ್ಲೂ ಇಲ್ಲ. ಅದನ್ನು ಕೇಳಿ ನಾನು ಬರೆದ ಮೂರು ಪತ್ರಗಳಿಗೆ ಉತ್ತರ ಬಂದಿಲ್ಲ. ಕಿವಿ ಕಿತ್ತುಕೊಳ್ಳುವ ಶೆಡ್ಡುಗಳನ್ನು ಮೂವತ್ತು ವರ್ಷ ಯಾರೂ ಯಾಕೆ ನೋಡಲಿಲ್ಲ ಎಂಬ ನಾಲ್ಕನೆಯ ಪತ್ರ ಯಾರಿಗೆ ಬರೆಯಬೇಕೆಂದು ವಿಚಾರಿಸುತ್ತಿದ್ದೇನೆ.

ಅಂದು ಬನಹಟ್ಟಿಯ ಸಾಲಿನಲ್ಲಿ ನಮ್ಮ ಓಣಿಯ ಹಿರಿಯ ನೇಕಾರರೆಲ್ಲ ನಿಂತಿದ್ದರು. ಬಹಳ ಜನರ ಮನೆಯಲ್ಲಿ ಅದೇ ‘ಶ್ರವಣ ಸಾಮಾನ್ಯ’ ಇದೆ. ಕೆಲವರು ಅದನ್ನು ಮಡಿಸಿ ದೇವರ ಜಗಲಿಯ ಮೇಲೆ ಇಟ್ಟಿದ್ದಾರೆ. ಈಗ ನಾನು ಸಂಜೆಗೊಂದು ಮನೆಯಂತೆ ಹೋಗಿ, ಮನೆಯವರ ಒಪ್ಪಿಗೆ ಪಡೆದು, ಆ ಹಿರಿಯರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆಯುತ್ತಿದ್ದೇನೆ. ಈವರೆಗೆ ತಿರುಗಿ ನೋಡಿದವರು ಇಬ್ಬರೇ.